ನೆನೆಗುದಿಗೆ ಬಿದ್ದವರು ಯಾರು? ‘ತಡ’ ಎಂಬ ಮಾತಿನ ಹಲವು ಅರ್ಥಗಳು

ಹುಣಸಗಿ: ‘ನೆನೆಗುದಿಗೆ ಬಿದ್ದ ಕಾಮಗಾರಿ’. ಕನ್ನಡ ಪತ್ರಿಕೆಗಳ ತಲೆಬರಹಗಳಲ್ಲಿ ಇಷ್ಟು ಸಲೀಸಾಗಿ ಬಂದು ಕೂರುವ ಮಾತು ಮತ್ತೊಂದು ಇರಲಾರದು. ಸೇತುವೆ ನೆನೆಗುದಿಗೆ ಬೀಳುತ್ತದೆ, ಕುಡಿಯುವ ನೀರಿನ ಯೋಜನೆ ಬೀಳುತ್ತದೆ, ಬಸ್ ನಿಲ್ದಾಣವೂ ಬೀಳುತ್ತದೆ. ಎಲ್ಲಿಗೆ ಬೀಳುತ್ತದೆ ಎಂದು ಕೇಳಿದರೆ ಮಾತ್ರ ಬರೆದವರೂ ಓದಿದವರೂ ಒಂದು ಕ್ಷಣ ಯೋಚಿಸಬೇಕಾಗುತ್ತದೆ.

ಶಾಲೆಯಲ್ಲಿ ಆದೇಶ ಸಂಧಿ ಕಲಿತವರಿಗೆ ಈ ಪದವನ್ನು ಬಿಡಿಸುವುದು ಕಷ್ಟವಲ್ಲ. ನೆನೆ ಎಂಬುದರ ಮುಂದೆ ಕುದಿ ಬಂದು, ಕಕಾರಕ್ಕೆ ಗಕಾರ ಆದೇಶವಾಗಿ ನೆನೆಗುದಿ ಆಗಿದೆ. ನೆನೆನೆನೆದು ಕುದಿಯುವುದು, ಚಿಂತೆಯಿಂದ ಮನಸ್ಸು ಬೇಯುವುದು ಇದರ ಹಳೆಯ ಅರ್ಥ. ಅಂದರೆ ನೆನೆಗುದಿ ಎಂಬುದು ಮೂಲತಃ ಕಾಯುತ್ತಿರುವ ಮನುಷ್ಯನ ಅವಸ್ಥೆ. ಕಡತಕ್ಕೆ ಚಿಂತೆಯಿಲ್ಲ, ಅಡಿಗಲ್ಲಿಗೆ ಮನಸ್ಸಿಲ್ಲ. ಆದರೂ ಇಂದಿನ ಕನ್ನಡದಲ್ಲಿ ನೆನೆಗುದಿಗೆ ಬೀಳುವುದು ಕಡತ ಮತ್ತು ಅಡಿಗಲ್ಲುಗಳೇ. ಕುದಿಯಬೇಕಾದ ಮನುಷ್ಯ ವಾಕ್ಯದಿಂದ ಹೊರಗೆ ಉಳಿದಿದ್ದಾನೆ. ಅನೇಕ ಪತ್ರಿಕೆಗಳು ಈಚೆಗೆ ‘ನನೆಗುದಿ’ ಎಂದೇ ಅಚ್ಚು ಹಾಕುತ್ತವೆ. ನನೆ ಎಂದರೆ ಒದ್ದೆಯಾಗು, ಹಳಗನ್ನಡದಲ್ಲಿ ಮೊಗ್ಗು. ಹೀಗಾಗಿ ನೆನಪಿನ ಗುರುತೂ ಅಳಿಸುತ್ತಿದೆ.

ತಡವಾಗುವುದನ್ನು ಹೇಳುವ ಪದಗಳು ಭಾಷೆಯಿಂದ ಭಾಷೆಗೆ, ಕಾಲದಿಂದ ಕಾಲಕ್ಕೆ ಅರ್ಥ ಬದಲಿಸುವುದು ಹೊಸದೇನಲ್ಲ. ಆ ಬದಲಾವಣೆಯಲ್ಲಿ ಒಂದು ಒಲವು ಮತ್ತೆ ಮತ್ತೆ ಕಾಣುತ್ತದೆ. ತಡಮಾಡಿದವರು ಯಾರು, ಕಾದವರು ಯಾರು ಎಂಬುದು ಪದದಿಂದ ಮೆಲ್ಲಗೆ ಜಾರಿ ಹೋಗುತ್ತದೆ. ಯಾದಗಿರಿ ಜಿಲ್ಲೆಯ ಹುಣಸಗಿಯಂಥ ಊರಿನಲ್ಲಿ ನಿಂತು ನೋಡಿದರೆ ಇದು ಬರಿಯ ನಿಘಂಟಿನ ವಿಷಯವಲ್ಲ.

ಹುಣಸಗಿಯ ಹೊತ್ತು

ಹುಣಸಗಿ ಬಹುಕಾಲ ಸುರಪುರ ತಾಲ್ಲೂಕಿನ ಒಂದು ಹೋಬಳಿ ಕೇಂದ್ರವಾಗಿತ್ತು. 2013ರ ಆಯವ್ಯಯದಲ್ಲಿ ಅಂದಿನ ಮುಖ್ಯಮಂತ್ರಿ ಜಗದೀಶ ಶೆಟ್ಟರ್ 43 ಹೊಸ ತಾಲ್ಲೂಕುಗಳನ್ನು ಘೋಷಿಸಿದಾಗ ಆ ಪಟ್ಟಿಯಲ್ಲಿ ಹುಣಸಗಿಯ ಹೆಸರಿತ್ತು. ತಾಲ್ಲೂಕು ಅಸ್ತಿತ್ವಕ್ಕೆ ಬಂದದ್ದು 2018ರಲ್ಲಿ. ನಡುವಿನ ಐದು ವರ್ಷ ಘೋಷಣೆಯೂ ಇತ್ತು, ತಾಲ್ಲೂಕೂ ಇರಲಿಲ್ಲ. ಆ ಅವಧಿಯನ್ನು ಏನೆಂದು ಕರೆಯಬೇಕು? ಸರ್ಕಾರಿ ಕನ್ನಡದಲ್ಲಿ ಅದು ‘ಪ್ರಕ್ರಿಯೆ ಪ್ರಗತಿಯಲ್ಲಿದೆ’, ಪತ್ರಿಕಾ ಕನ್ನಡದಲ್ಲಿ ‘ನೆನೆಗುದಿ’. ಊರಿನ ಕನ್ನಡದಲ್ಲಿ ಅದಕ್ಕೆ ‘ಹೊತ್ತಾತು’ ಎಂಬ ಒಂದೇ ಮಾತು ಸಾಕು.

ಹೊತ್ತು ಎಂದರೆ ಸೂರ್ಯ, ಹಗಲು, ಸಮಯ. ಹೊತ್ತು ಹುಟ್ಟುತ್ತದೆ, ಹೊತ್ತು ಮುಳುಗುತ್ತದೆ. ‘ಹೊತ್ತಾಯಿತು’ ಎಂದರೆ ಸಮಯ ಬಂತು ಎಂದೂ ಆಗುತ್ತದೆ, ಸಮಯ ಮೀರಿತು ಎಂದೂ ಆಗುತ್ತದೆ. ಊಟಕ್ಕೆ ಕರೆಯುವ ತಾಯಿಯ ಬಾಯಲ್ಲಿ ಅದು ಮೊದಲನೆಯದು, ರಾತ್ರಿ ತಡವಾಗಿ ಮನೆಗೆ ಬಂದ ಮಗನಿಗೆ ಹೇಳುವಾಗ ಎರಡನೆಯದು. ವೇಳೆ ಎಂಬ ಸಂಸ್ಕೃತ ಪದ ಈ ಭಾಗದಲ್ಲಿ ಯಾಳೆ ಆಗಿ ಇದೇ ಕೆಲಸ ಮಾಡುತ್ತದೆ. ದಕ್ಷಿಣದ ಪೇಟೆಗಳಲ್ಲಿ ‘ಟೈಮಾಯ್ತು’ ಎಂಬುದೂ ಇದೇ ಅಚ್ಚಿನಲ್ಲಿ ತಯಾರಾದ ಮಾತು. ಕನ್ನಡಿಗನಿಗೆ ಸಮಯ ಬರುವುದಕ್ಕೂ ಸಮಯ ತಪ್ಪುವುದಕ್ಕೂ ಬೇರೆ ಬೇರೆ ಕ್ರಿಯಾಪದ ಬೇಕೆನಿಸಿಲ್ಲ ಎಂಬುದು ಗಮನಾರ್ಹ.

ಸಾವಕಾಶ ಎಂಬ ಪದವೂ ಇಲ್ಲಿ ದಿನಬಳಕೆಯದು. ಸಂಸ್ಕೃತದಲ್ಲಿ ಅವಕಾಶ ಎಂದರೆ ಜಾಗ, ತೆರಪು. ತೆರಪು ಇರುವುದು ಸಾವಕಾಶ. ಮರಾಠಿಯಲ್ಲೂ ಉತ್ತರ ಕರ್ನಾಟಕದಲ್ಲೂ ಅದು ‘ಮೆಲ್ಲಗೆ, ಅವಸರವಿಲ್ಲದೆ’ ಎಂಬ ಅರ್ಥ ತಳೆಯಿತು. ‘ಸಾವಕಾಶ ಹೋಗ್ರಿ’ ಎಂದು ಬೀಳ್ಕೊಟ್ಟರೆ ತಡಮಾಡಿ ಎಂದಲ್ಲ, ಜೋಪಾನವಾಗಿ ಹೋಗಿ ಎಂದು. ಅದೇ ಅವಕಾಶ ಕನ್ನಡದಲ್ಲಿ ಸಂದರ್ಭಾನುಕೂಲ, ಹಿಂದಿಯಲ್ಲಿ ರಜೆ. ಹಿಂದಿ ಕಚೇರಿಯೊಂದರ ಬಾಗಿಲಲ್ಲಿ ‘ಅವಕಾಶ’ ಎಂಬ ಫಲಕ ಕಂಡ ಕನ್ನಡಿಗ ಒಳಗೆ ಹೋಗಲು ಅನುಮತಿಯಿದೆ ಎಂದುಕೊಂಡರೆ ತಪ್ಪೇನಿಲ್ಲ. ಆದರೆ ಆ ದಿನ ಒಳಗೆ ಯಾರೂ ಇರುವುದಿಲ್ಲ. ಕನ್ನಡದ ಕಡತಗಳಲ್ಲಿ ‘ಕಾಲಾವಕಾಶ ಕೋರಿದೆ’ ಎಂದು ಬಂದರೆ ಅದು ತಡಕ್ಕೆ ತೊಡಿಸಿದ ಮಡಿಬಟ್ಟೆ.

ತಡೆ ಮತ್ತು ತಡ

ಕನ್ನಡದ ತಡ ಎಂಬ ಪದ ದ್ರಾವಿಡ ಮೂಲದ್ದು. ಅದರ ಬೆನ್ನಿಗೆ ಇರುವುದು ತಡೆ, ಅಂದರೆ ಅಡ್ಡಗಟ್ಟು. ಬರೋ ಮತ್ತು ಎಮೆನೊ ಸಿದ್ಧಪಡಿಸಿದ ದ್ರಾವಿಡ ವ್ಯುತ್ಪತ್ತಿ ನಿಘಂಟಿನಲ್ಲಿ (ಮೊದಲ ಮುದ್ರಣ 1961, ಪರಿಷ್ಕೃತ ಮುದ್ರಣ 1984) ಈ ಕುಟುಂಬ ದೊಡ್ಡದು. ಏನೋ ಅಡ್ಡ ಬಂತು, ಆದ್ದರಿಂದ ನಿಂತಿತು ಎಂಬ ಚಿತ್ರ ಇದರಲ್ಲಿದೆ. ಹಾಗೆ ನೋಡಿದರೆ ತಡ ಎಂಬುದು ಪ್ರಾಮಾಣಿಕ ಪದ. ತಾನಾಗಿಯೇ ತಡವಾಗುವುದು ಯಾವುದೂ ಇಲ್ಲ, ತಡೆದದ್ದು ಒಂದು ಇರಲೇಬೇಕು ಎಂದು ಅದು ಹೇಳುತ್ತದೆ.

ಉತ್ತರ ಕರ್ನಾಟಕದಲ್ಲಿ ‘ತಡಿ’, ‘ತಡೀರಿ’ ಎಂದರೆ ‘ಇರು’, ‘ಸ್ವಲ್ಪ ಕಾಯಿರಿ’. ಮೈಸೂರು ಸೀಮೆಯವರು ‘ತಾಳು’ ಎನ್ನುವಲ್ಲಿ ಇಲ್ಲಿನವರು ತಡಿ ಎನ್ನುತ್ತಾರೆ. ತಾಳು ಎಂಬುದಕ್ಕೆ ಸಹಿಸು ಎಂಬ ಅರ್ಥವಿರುವಂತೆ ತಡೆದುಕೊ ಎಂಬುದಕ್ಕೂ ಇದೆ, ನೋವನ್ನು ತಡೆದುಕೊಳ್ಳುತ್ತೇವೆ. ಅಡ್ಡಗಟ್ಟುವುದು, ಕಾಯುವುದು, ಸಹಿಸುವುದು ಮೂರಕ್ಕೂ ಒಂದೇ ಬೇರು. ಕಾಯುವವನು ಇಲ್ಲಿ ಇನ್ನೂ ಪದದೊಳಗೆ ಇದ್ದಾನೆ.

ನೆರೆಭಾಷೆಗಳಿಗೆ ದಾಟಿದರೆ ಈ ಕುಟುಂಬದ ಸದಸ್ಯರು ಬೇರೆ ಬೇರೆ ಉದ್ಯೋಗ ಹಿಡಿದಿರುವುದು ಕಾಣುತ್ತದೆ. ತೆಲುಗಿನಲ್ಲಿ ತಡವು ಎಂದರೆ ವಿಳಂಬ. ತುಳುವಿನಲ್ಲೂ ತಡವು ಎಂದರೆ ಅದೇ. ತಮಿಳಿನಲ್ಲಿ ತಡೈ ಎಂದರೆ ಅಡ್ಡಿ, ನಿಷೇಧ. ಮಲಯಾಳದಲ್ಲಿ ತಡವು ಎಂದರೆ ಸೆರೆವಾಸ! ಕಾಸರಗೋಡಿನ ತುಳುವನೊಬ್ಬ ಮನೆಯಲ್ಲಿ ‘ತಡವಾಂಡ್’ ಎಂದರೆ ಹೊತ್ತಾಯಿತು ಎಂದು. ಮಾರನೆಯ ಬೆಳಿಗ್ಗೆ ಮಲಯಾಳ ಪತ್ರಿಕೆಯಲ್ಲಿ ಆರೋಪಿಗೆ ಹತ್ತು ವರ್ಷ ತಡವು ಎಂದು ಓದಿದರೆ ಅದು ಜೈಲು. ಅಡ್ಡಗಟ್ಟಿ ಇರಿಸುವುದೇ ಸೆರೆ ಎಂದು ನೋಡಿದರೆ ದಾರಿ ತಪ್ಪಿದ್ದೇನೂ ಅಲ್ಲ. ಇಂಗ್ಲಿಷಿನ ಡೆಡ್‌ಲೈನ್ ಎಂಬ ಪದವೂ ಬಂದೀಖಾನೆಯಿಂದಲೇ ಬಂದದ್ದು. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ, 1864ರ ಸುಮಾರಿಗೆ, ಆ್ಯಂಡರ್ಸನ್‌ವಿಲ್ ಸೆರೆಶಿಬಿರದಲ್ಲಿ ಕೈದಿಗಳು ದಾಟಿದರೆ ಗುಂಡು ಹಾರಿಸಲಾಗುತ್ತಿದ್ದ ಗೆರೆಗೆ ಆ ಹೆಸರಿತ್ತು. ಪತ್ರಿಕಾ ಕಚೇರಿಗಳಿಗೆ ಅದು ಆಮೇಲೆ ಬಂತು. ಕನ್ನಡದ ಗಡುವು ಅಷ್ಟು ಕ್ರೂರವಲ್ಲ. ಅದನ್ನು ವಿಸ್ತರಿಸುವ ಪದ್ಧತಿಯೂ ಉಂಟು.

ಹುಣಸಗಿಯ ರೈತರಿಗೆ ತಡೆಗೂ ತಡಕ್ಕೂ ಇರುವ ಸಂಬಂಧವನ್ನು ನಿಘಂಟು ತೆರೆದು ಹೇಳಬೇಕಿಲ್ಲ. ಈ ತಾಲ್ಲೂಕಿನ ನಾರಾಯಣಪುರದಲ್ಲೇ ಕೃಷ್ಣೆಗೆ ಅಡ್ಡಲಾಗಿ ಬಸವಸಾಗರ ಜಲಾಶಯವಿದೆ. ಕೃಷ್ಣಾ ಮೇಲ್ದಂಡೆ ಯೋಜನೆಗೆ 1964ರ ಮೇ 22ರಂದು ಆಲಮಟ್ಟಿಯಲ್ಲಿ ಅಡಿಗಲ್ಲು ಇಟ್ಟವರು ಲಾಲ್ ಬಹಾದ್ದೂರ್ ಶಾಸ್ತ್ರಿ. ನಾರಾಯಣಪುರದ ಅಣೆಕಟ್ಟು 1982ರಲ್ಲಿ ಪೂರ್ಣಗೊಂಡಿತು. ಎಡದಂಡೆ ಕಾಲುವೆ ಹುಣಸಗಿ, ಸುರಪುರ, ಶಹಾಪುರದತ್ತ ನೀರು ಒಯ್ಯುತ್ತದೆ. ನೀರು ಕೊರತೆಯಾದಾಗ ಕಾಲುವೆಯನ್ನು ಕೆಲವು ದಿನ ತೆರೆದು ಕೆಲವು ದಿನ ಮುಚ್ಚುವ ವಾರಾಬಂದಿ ಪದ್ಧತಿ ಬರುತ್ತದೆ. ಜನ ‘ಚಾಲು–ಬಂದ್’ ಎನ್ನುತ್ತಾರೆ. ಕಾಲುವೆಯ ತಲೆಯ ಬಳಿ ಇರುವವನಿಗೆ ಎರಡು ದಿನ ತಡ ಎಂದರೆ ಎರಡು ದಿನವೇ. ಕೊನೆಯ ಭಾಗದವನ ಹೊಲಕ್ಕೆ ನೀರು ತಲುಪುವಷ್ಟರಲ್ಲಿ ಮತ್ತೆ ಬಂದ್ ಸರದಿ ಬಂದಿರಬಹುದು. ತಡ ಎಂಬ ಪದ ಇಬ್ಬರಿಗೂ ಒಂದೇ, ಭತ್ತದ ತೆನೆಗೆ ಮಾತ್ರ ಒಂದೇ ಅಲ್ಲ.

ನದಿಯ ಮಟ್ಟದಲ್ಲೂ ಇದೇ ಕತೆ. ಬ್ರಿಜೇಶ್ ಕುಮಾರ್ ಅಧ್ಯಕ್ಷತೆಯ ಎರಡನೇ ಕೃಷ್ಣಾ ಜಲವಿವಾದ ನ್ಯಾಯಮಂಡಳಿ 2004ರಲ್ಲಿ ರಚನೆಯಾಯಿತು. 2010ರ ಡಿಸೆಂಬರ್ ಕೊನೆಯಲ್ಲಿ ತೀರ್ಪು ಬಂತು. ಆಲಮಟ್ಟಿಯ ಮಟ್ಟವನ್ನು 519.60 ಮೀಟರ್‌ನಿಂದ 524.256 ಮೀಟರ್‌ಗೆ ಏರಿಸಲು ಅನುಮತಿಯೂ ಅದರಲ್ಲಿತ್ತು. 2011ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ತನ್ನ ಮುಂದಿನ ಆದೇಶದವರೆಗೆ ತೀರ್ಪನ್ನು ರಾಜಪತ್ರದಲ್ಲಿ ಪ್ರಕಟಿಸಬಾರದೆಂದು ಹೇಳಿತು. 2013ರ ನವೆಂಬರ್‌ನಲ್ಲಿ ನ್ಯಾಯಮಂಡಳಿಯ ಮುಂದುವರಿದ ವರದಿ ಬಂದ ಮೇಲೂ ಒಂದು ದಶಕ ಕಳೆಯಿತು, ಪ್ರಕಟಣೆ ಆಗಲಿಲ್ಲ. ಇಲ್ಲಿ ತಡೆಯಿಂದ ತಡ ಹುಟ್ಟಿದೆ. ಸುದ್ದಿಗಳಲ್ಲಿ ಮಾತ್ರ ‘ಯೋಜನೆ ವಿಳಂಬ’ ಎಂದಷ್ಟೇ ಬರುತ್ತದೆ.

ತೂಗುವ ಪದ, ಸೋಮಾರಿ ಪದ

ವಿಳಂಬಕ್ಕೆ ತಡೆದವರ ಹಂಗಿಲ್ಲ. ಸಂಸ್ಕೃತದ ಲಂಬ್ ಧಾತುವಿಗೆ ಜೋತುಬೀಳು, ತೂಗು ಎಂಬ ಅರ್ಥ. ವಿಳಂಬವಾದದ್ದು ಎಲ್ಲೋ ತೂಗುತ್ತಿದೆ, ತೂಗುಹಾಕಿದವರು ಕಾಣುವುದಿಲ್ಲ. ಲ್ಯಾಟಿನ್ ಭಾಷೆಯ ತೂಗುವ ಧಾತುವಿನಿಂದಲೇ ಬಂದ ಪೆಂಡಿಂಗ್ ಎಂಬ ಪದವೂ ನಮ್ಮ ಕಚೇರಿಗಳಲ್ಲಿ ಪಕ್ಕದ ಕುರ್ಚಿಯಲ್ಲೇ ಕೂತಿದೆ. ಎರಡು ದೂರದ ನಾಗರಿಕತೆಗಳು ಇತ್ಯರ್ಥವಾಗದ ಕೆಲಸಕ್ಕೆ ಒಂದೇ ಚಿತ್ರ ಆರಿಸಿಕೊಂಡಿವೆ.

ಆದರೆ ವಿಳಂಬ ಸದಾ ದೋಷವಾಚಕವಲ್ಲ. ನಾಟ್ಯಶಾಸ್ತ್ರ ಹೇಳುವ ಮೂರು ಲಯಗಳಲ್ಲಿ ದ್ರುತ, ಮಧ್ಯಗಳ ಜೊತೆ ವಿಲಂಬಿತವೂ ಒಂದು. ಕಿರಾಣಾ ಘರಾನೆಯ ಅಬ್ದುಲ್ ಕರೀಂ ಖಾನ್, ಅಬ್ದುಲ್ ವಹೀದ್ ಖಾನ್ ಅವರ ಪರಂಪರೆ ವಿಲಂಬಿತ ಖಯಾಲನ್ನು ಬೆಳೆಸಿತು. ಕುಂದಗೋಳದ ಸವಾಯಿ ಗಂಧರ್ವ, ಅವರ ಶಿಷ್ಯರಾದ ಗಂಗೂಬಾಯಿ ಹಾನಗಲ್ ಮತ್ತು ಭೀಮಸೇನ ಜೋಶಿ ಅದನ್ನು ಈ ನಾಡಿನ ಸೊತ್ತಾಗಿಸಿದರು. ಅತಿವಿಲಂಬಿತ ಏಕತಾಳದ ಹನ್ನೆರಡು ಮಾತ್ರೆಗಳ ಒಂದು ಆವರ್ತನ ಒಂದು ನಿಮಿಷದ ಆಸುಪಾಸು ಹಿಡಿಯುತ್ತದೆ. ಸಮಕ್ಕೆ ಬರುವವರೆಗಿನ ಆ ಕಾಯುವಿಕೆಗೇ ಧಾರವಾಡದ ಶ್ರೋತೃ ‘ಆಹಾ’ ಎನ್ನುತ್ತಾನೆ. ಮಾತ್ರೆಯ ಮಾತು ಬಂದಾಗ ಇನ್ನೊಂದು ಸ್ವಾರಸ್ಯ: ಛಂದಸ್ಸಿನ ಮಾತ್ರೆಗೆ ಪಾಶ್ಚಾತ್ಯ ಪಂಡಿತರು ಬಳಸುವ ಪದ ಮೋರಾ. ಲ್ಯಾಟಿನ್‌ನಲ್ಲಿ ಮೋರಾ ಎಂದರೆ ತಡ. 2020ರ ಕೊರೊನಾ ಕಾಲದಲ್ಲಿ ರಿಸರ್ವ್ ಬ್ಯಾಂಕ್ ಸಾಲದ ಕಂತುಗಳಿಗೆ ಕೊಟ್ಟ ಮೊರಟೋರಿಯಂ ಅದೇ ಬೇರಿನದು. ಲಘು ಗುರು ಎಣಿಸುವ ವಿದ್ಯಾರ್ಥಿಯೂ ಕಂತು ಮುಂದೂಡಿಸಿಕೊಂಡ ಸಾಲಗಾರನೂ ಅರಿಯದೆ ಒಂದೇ ಪದದ ಆಸರೆಯಲ್ಲಿದ್ದಾರೆ.

ಅರವತ್ತು ಸಂವತ್ಸರಗಳಲ್ಲಿ ವಿಳಂಬಿಯೂ ಒಂದು. 2018ರ ಯುಗಾದಿಗೆ ಅದು ಕಾಲಿಟ್ಟಿತು. ಹುಣಸಗಿಗೆ ತಾಲ್ಲೂಕು ದಕ್ಕಿದ ವರ್ಷವೂ ಅದೇ ಆದದ್ದು ಕಾಕತಾಳೀಯ.

ತಡವನ್ನು ಮೆಚ್ಚಿ ಕರೆದ ಉದಾಹರಣೆ ರೋಮನ್ ಇತಿಹಾಸದಲ್ಲೂ ಇದೆ. ಕ್ರಿಸ್ತಪೂರ್ವ 217ರಲ್ಲಿ ಹ್ಯಾನಿಬಲ್‌ನ ಸೇನೆಯೊಂದಿಗೆ ನೇರ ಕಾಳಗಕ್ಕೆ ಇಳಿಯದೆ ಅವನನ್ನು ದಣಿಸುತ್ತ ಹೋದ ಫೇಬಿಯಸ್‌ಗೆ ‘ಕುಂಕ್ಟೇಟರ್’, ಅಂದರೆ ತಡಮಾಡುವವ, ಎಂಬ ಹೆಸರು ಅಂಟಿತು. ಅವನ ನೀತಿಯನ್ನು ಮೊದಲು ಹಳಿದರು. ಮರುವರ್ಷ ಕ್ಯಾನೆಯ ಬಯಲಲ್ಲಿ ರೋಮನ್ ಸೇನೆ ನುಚ್ಚುನೂರಾದ ಮೇಲೆ ಅದೇ ಹೆಸರು ಬಿರುದಾಯಿತು. ಪದ ಬದಲಾಗಲಿಲ್ಲ, ಯುದ್ಧದ ಫಲಿತಾಂಶ ಅದರ ಅರ್ಥವನ್ನು ತಿರುಗಿಸಿತು.

ಎಲ್ಲ ಭಾಷೆಗಳೂ ಇಷ್ಟು ಉದಾರವಲ್ಲ. ಯಾದಗಿರಿ ಜಿಲ್ಲೆಯ ಪೂರ್ವದ ಗಡಿಯಾಚೆ ತೆಲುಗು ನಾಡಿದೆ. ಅಲ್ಲಿನ ನಿಲ್ದಾಣಗಳಲ್ಲಿ ರೈಲು ‘ಆಲಸ್ಯಂಗಾ’ ಓಡುತ್ತಿದೆ ಎಂಬ ಘೋಷಣೆ ಕೇಳಿದ ಕನ್ನಡಿಗನಿಗೆ ರೈಲಿಗೇ ಮೈಗಳ್ಳತನ ಬಂದಂತೆ ತೋರುತ್ತದೆ. ಆಲಸ್ಯ ಸಂಸ್ಕೃತದಲ್ಲೂ ಕನ್ನಡದಲ್ಲೂ ಸೋಮಾರಿತನ. ತೆಲುಗಿನಲ್ಲಿ ಅದು ಯಾರನ್ನೂ ದೂರದ ತಡ. ಇಲ್ಲಿ ಒಬ್ಬ ಮನುಷ್ಯನ ದೋಷ ಸವೆದು ಸವೆದು ಗಡಿಯಾರದ ಅಳತೆಯಾಗಿದೆ.

ತಾಮಸದ ಕತೆ ಇನ್ನೂ ದೂರ ಹೋಗುತ್ತದೆ. ತಮೋಗುಣಕ್ಕೆ ಸೇರಿದ್ದು ತಾಮಸ. ಕತ್ತಲೆ, ಜಡತೆ ಅದರ ಲಕ್ಷಣ. ಹಿಂದಿನ ಕನ್ನಡದಲ್ಲಿ ತಾಮಸ ಎಂದರೆ ತಡ ಎಂಬ ಅರ್ಥವೂ ಇತ್ತು. ತಮಿಳಿನಲ್ಲಿ ಅದು ತಾಮದಮ್ ಆಗಿ ಇಂದಿಗೂ ವಿಳಂಬದ ಸಾಮಾನ್ಯ ಪದ. ಮಲಯಾಳದಲ್ಲಿ ತಾಮಸಂ ಎಂದರೆ ತಡವೂ ಹೌದು, ವಾಸವೂ ಹೌದು. ಎಲ್ಲಿ ವಾಸವಾಗಿದ್ದೀರಿ ಎಂದು ಕೇಳಲು ಮಲಯಾಳಿ ಬಳಸುವ ಕ್ರಿಯಾಪದ ತಾಮಸಿಕ್ಕುಕ. ತಡಮಾಡಿದವನು ಅಲ್ಲೇ ಉಳಿದ, ಉಳಿದಲ್ಲೇ ಮನೆ ಮಾಡಿದ ಎಂಬಂತೆ ಜಡತೆಯಿಂದ ವಿಳಾಸದವರೆಗೆ ಒಂದು ಪದ ನಡೆದುಬಂದಿದೆ.

ನಿಧಾನ ಎಂಬುದರ ಗತಿಯೂ ವಿಚಿತ್ರವೇ. ಸಂಸ್ಕೃತದಲ್ಲಿ ಅದು ಇರಿಸಿದ್ದು, ನಿಕ್ಷೇಪ. ವಚನಕಾರರ ಕಾಲದ ಕನ್ನಡದಲ್ಲೂ ನಿಧಾನ ಎಂದರೆ ನೆಲದಡಿ ಹೂತಿಟ್ಟ ನಿಧಿ. ಇಂದಿನ ಕನ್ನಡಿಗನಿಗೆ ಅದು ಮಂದಗತಿ ಮಾತ್ರ. ಮಹಾಪ್ರಾಣ ತೆಗೆದರೆ ನಿದಾನ, ಅಂದರೆ ಕಾರಣ, ರೋಗದ ಪತ್ತೆ. ಹಿಂದಿಯಲ್ಲಿ ವೈದ್ಯರ ಬಾಯಲ್ಲಿ ಇದೇ ಅರ್ಥ. ಒಂದು ಒತ್ತಕ್ಷರದ ಅಂತರದಲ್ಲಿ ವೈದ್ಯರು ಪತ್ತೆ ಹಚ್ಚಿದರೋ ತಡಮಾಡಿದರೋ ಎಂಬುದು ನಿರ್ಧಾರವಾಗುತ್ತದೆ ಎನ್ನಬಹುದು.

ಮಾತು ಕೊಟ್ಟದ್ದೇ ವಾಯಿದೆ

1857–58ರ ಬಂಡಾಯದಲ್ಲಿ ಸುರಪುರದ ರಾಜಾ ವೆಂಕಟಪ್ಪ ನಾಯಕ ಬ್ರಿಟಿಷರ ವಿರುದ್ಧ ನಿಂತ. ಸಂಸ್ಥಾನ ಉಳಿಯಲಿಲ್ಲ, 1860ರಲ್ಲಿ ಬ್ರಿಟಿಷರು ಅದನ್ನು ಹೈದರಾಬಾದ್ ನಿಜಾಮನಿಗೆ ಒಪ್ಪಿಸಿದರು. ಅಂದಿನಿಂದ 1948ರವರೆಗೆ ಈ ಸೀಮೆಯ ಕಡತಗಳು ಫಾರ್ಸಿ, ಉರ್ದುಗಳ ನೆರಳಿನಲ್ಲಿದ್ದವು. ಪಶ್ಚಿಮಕ್ಕೆ ಹೊರಟರೆ ತಾಳಿಕೋಟೆ, ಮುದ್ದೇಬಿಹಾಳಗಳು ಮುಂಬೈ ಪ್ರಾಂತ್ಯದವು. ಅಲ್ಲಿನ ಕಚೇರಿಗಳಿಗೆ ಮರಾಠಿಯ ಸಂಪರ್ಕ. ಹೀಗಾಗಿ ಅರಬ್ಬಿ–ಫಾರ್ಸಿ ಮೂಲದ ಪದಗಳು ಹುಣಸಗಿಯ ಕನ್ನಡಕ್ಕೆ ಎರಡು ಬಾಗಿಲಿನಿಂದ ಬರಲು ದಾರಿಯಿತ್ತು.

ಅವುಗಳಲ್ಲಿ ವಾಯಿದೆ ಎಂಬುದನ್ನು ವಿಶೇಷವಾಗಿ ನೋಡಬೇಕು. ಅರಬ್ಬಿಯಲ್ಲಿಯೂ ಉರ್ದುವಿನಲ್ಲಿಯೂ ವಾದಾ ಎಂದರೆ ಕೊಟ್ಟ ಮಾತು, ಆಣೆ. ಹಿಂದಿ ಚಿತ್ರಗೀತೆಗಳ ಪ್ರೇಮಿಗಳು ಮುರಿಯುವುದೂ ಉಳಿಸುವುದೂ ಇದನ್ನೇ. ಅದು ವಾಯದಾ ಆಗಿ ಮರಾಠಿ, ಗುಜರಾತಿ ವ್ಯಾಪಾರಿಗಳ ಕೈಗೆ ಬಂದಾಗ ‘ಇಂಥ ದಿನ ಕೊಡುತ್ತೇನೆ’ ಎಂಬ ಗೊತ್ತಾದ ಅವಧಿಯಾಯಿತು. ಸರಕುಗಳ ಮುಂಗಡ ಪೇಟೆಗೆ ಹಿಂದಿಯಲ್ಲಿ ಇಂದಿಗೂ ವಾಯದಾ ಬಾಜಾರ್ ಎಂದೇ ಹೆಸರು. ದಕ್ಷಿಣ ಕನ್ನಡದ ಗೇಣಿ ಪದ್ಧತಿಯಲ್ಲಿ ಮೂಲಗೇಣಿ ಶಾಶ್ವತವಾದರೆ ವಾಯಿದೆಗೇಣಿ ಅವಧಿಗೆ ಒಳಪಟ್ಟದ್ದು. ಕನ್ನಡದ ನ್ಯಾಯಾಲಯಗಳ ಆವರಣದಲ್ಲಿ ಅದೇ ವಾಯಿದೆ ಎಂದರೆ ಮುಂದೂಡಿದ ದಿನ. ‘ವಾಯಿದೆ ಬಿತ್ತು’ ಎಂದು ಕಕ್ಷಿದಾರ ಹೇಳಿದರೆ ಅಂದಿನ ಕೆಲಸ ಆಗಲಿಲ್ಲ ಎಂದರ್ಥ. ಕೊಟ್ಟ ಮಾತು ಮೊದಲು ದಿನಾಂಕವಾಗಿ, ಆಮೇಲೆ ದಿನಾಂಕ ತಪ್ಪುವುದರ ಹೆಸರಾಗಿದೆ. ತಡಕ್ಕೆ ಸಂಬಂಧಿಸಿದ ಪದಗಳಲ್ಲಿ ಇಷ್ಟು ಪೂರ್ತಿಯಾಗಿ ತಿರುವುಮುರುವಾದದ್ದು ವಿರಳ.

ಹಂಗಾಮು ಎಂಬ ಫಾರ್ಸಿ ಪದಕ್ಕೂ ಸಮಯವೆಂಬುದೇ ಅರ್ಥ. ರೈತನಿಗೆ ಮುಂಗಾರಿ ಹಂಗಾಮು, ಹಿಂಗಾರಿ ಹಂಗಾಮು. ಸರ್ಕಾರಿ ನೌಕರಿಯಲ್ಲಿ ಹಂಗಾಮಿ ಎಂದರೆ ತಾತ್ಕಾಲಿಕ. ಹಂಗಾಮಿಯಾಗಿ ಸೇರಿ ಕಾಯಂ ಆಗದೆಯೇ ನಿವೃತ್ತಿಯ ಅಂಚಿಗೆ ಬಂದವರಿಗೆ ಈ ಪದದ ವ್ಯುತ್ಪತ್ತಿ ಯಾವ ಸಮಾಧಾನವನ್ನೂ ಕೊಡಲಾರದು.

ದಿನ ಎಣಿಸುವ ಕಾನೂನು

ಕಾನೂನಿಗೆ ಬಂದಾಗ ತಡದ ಅರ್ಥ ರೂಪಾಯಿ, ದಿನಗಳಲ್ಲಿ ನಿಗದಿಯಾಗುತ್ತದೆ. 1963ರ ಕಾಲಮಿತಿ ಅಧಿನಿಯಮದ 5ನೇ ಕಲಂ ಪ್ರಕಾರ, ಸಾಕಷ್ಟು ಕಾರಣವಿದೆ ಎಂದು ಮನವರಿಕೆಯಾದರೆ ತಡವಾಗಿ ಬಂದ ಮೇಲ್ಮನವಿಯನ್ನು ನ್ಯಾಯಾಲಯ ಸ್ವೀಕರಿಸಬಹುದು. ಕನ್ನಡ ವಕೀಲರು ಇದನ್ನು ‘ವಿಳಂಬ ಮನ್ನಾ’ ಎನ್ನುತ್ತಾರೆ. ಸಾಲ ಮನ್ನಾ ಎಂಬಂತೆ ಇಲ್ಲಿ ತಡವೂ ತೀರಿಸಬೇಕಾದ ಋಣ.

1987ರಲ್ಲಿ ಅನಂತನಾಗ್‌ನ ಭೂಸ್ವಾಧೀನ ಪ್ರಕರಣವೊಂದರಲ್ಲಿ ಸರ್ಕಾರದ ಮೇಲ್ಮನವಿ ನಾಲ್ಕು ದಿನ ತಡವಾಗಿತ್ತು. ಸುಪ್ರೀಂ ಕೋರ್ಟ್ ಅದನ್ನು ಮನ್ನಿಸಿತು. ಪ್ರತಿ ದಿನದ ತಡಕ್ಕೂ ವಿವರಣೆ ಬೇಕೆಂಬ ತತ್ವವನ್ನು ಪಾಂಡಿತ್ಯದ ಹಟದಿಂದ ಅನ್ವಯಿಸಬಾರದೆಂದು ಹೇಳಿತು. ಈ ತೀರ್ಪನ್ನು ಸರ್ಕಾರಿ ವಕೀಲರು ಕಾಲು ಶತಮಾನ ಉಲ್ಲೇಖಿಸಿದರು. 2012ರಲ್ಲಿ ಅಂಚೆ ಇಲಾಖೆ 427 ದಿನ ತಡವಾಗಿ ಬಂದಾಗ ನ್ಯಾಯಾಲಯದ ಧಾಟಿ ಬದಲಾಯಿತು. ಕಡತ ಮೇಜಿನಿಂದ ಮೇಜಿಗೆ ಸುತ್ತುತ್ತಿತ್ತು ಎಂಬ ರೂಢಿಯ ವಿವರಣೆಯನ್ನು ಇನ್ನು ಒಪ್ಪಲಾಗದೆಂದು ಅದು ಮೇಲ್ಮನವಿಯನ್ನು ತಳ್ಳಿಹಾಕಿತು. ಕಡತ ತಾನಾಗಿ ನೆನೆಗುದಿಗೆ ಬೀಳುವುದಿಲ್ಲ ಎಂಬುದು ಈ ತೀರ್ಪಿನ ಸಾರ. ಕೃಷ್ಣಾ ಯೋಜನೆಗೆ ಜಮೀನು ಕಳೆದುಕೊಂಡು ಹೆಚ್ಚಿನ ಪರಿಹಾರಕ್ಕೆ ಕಟಕಟೆ ಹತ್ತಿದ ಕುಟುಂಬಗಳಿರುವ ಸೀಮೆಯಲ್ಲಿ ಎರಡು ತೀರ್ಪುಗಳ ನಡುವಿನ ಅಂತರ ಸಣ್ಣದಲ್ಲ.

ರಾಜ್ಯದ 2011ರ ಸೇವಾ ಖಾತರಿ ಕಾಯ್ದೆ 2012ರ ಏಪ್ರಿಲ್‌ನಲ್ಲಿ ಇಡೀ ರಾಜ್ಯಕ್ಕೆ ವಿಸ್ತರಿಸಿತು. ಅದಕ್ಕಿಟ್ಟ ಹೆಸರು ‘ಸಕಾಲ’. ಗೊತ್ತುಪಡಿಸಿದ ಅವಧಿ ಮೀರಿದರೆ ಅರ್ಜಿದಾರನಿಗೆ ದಿನಕ್ಕೆ 20 ರೂಪಾಯಿ, ಗರಿಷ್ಠ 500 ರೂಪಾಯಿ ಪರಿಹಾರವನ್ನು ಅದು ನಿಗದಿಪಡಿಸಿತು. ಲೆಕ್ಕ ಹಾಕಿದರೆ 25 ದಿನಕ್ಕೆ ಮಿತಿ ಮುಟ್ಟುತ್ತದೆ. 26ನೇ ದಿನದಿಂದ ತಡ ಪುಕ್ಕಟೆ. 2005ರ ಉದ್ಯೋಗ ಖಾತರಿ ಕಾಯ್ದೆಯಡಿ ಹಾಜರಿ ಪಟ್ಟಿ ಮುಗಿದು 16ನೇ ದಿನ ದಾಟಿದ ಮೇಲೆ ಬಾಕಿ ಕೂಲಿಗೆ ದಿನಕ್ಕೆ ಶೇ 0.05ರಷ್ಟು ಪರಿಹಾರವಿತ್ತು, ಸಾವಿರ ರೂಪಾಯಿ ಕೂಲಿಗೆ ದಿನಕ್ಕೆ 50 ಪೈಸೆ. ಎರಡರ ಮೊತ್ತವೂ ಅಲ್ಪ. ಆದರೂ ಈ ಕಾಯ್ದೆಗಳಲ್ಲಿ ತಡಕ್ಕೆ ಒಬ್ಬ ಕರ್ತೃ ಇದ್ದಾನೆ, ಒಬ್ಬ ಕಾದವನೂ ಇದ್ದಾನೆ. ಪತ್ರಿಕೆಗಳ ವಾಕ್ಯರಚನೆಯಲ್ಲಿ ಇಲ್ಲದ್ದು ಇಲ್ಲಿದೆ.

ನ್ಯಾಯದ ತಡವನ್ನು ಕುರಿತು ಇಂಗ್ಲೆಂಡಿನ 1215ರ ಮ್ಯಾಗ್ನಾ ಕಾರ್ಟಾ 40ನೇ ಕಲಮಿನಲ್ಲಿ ದೊರೆ ಕೊಟ್ಟ ಮಾತು ಪ್ರಸಿದ್ಧ: ನ್ಯಾಯವನ್ನು ಮಾರುವುದಿಲ್ಲ, ನಿರಾಕರಿಸುವುದಿಲ್ಲ, ಮುಂದೂಡುವುದಿಲ್ಲ. ಅಲ್ಲಿ ಮುಂದೂಡುವುದಕ್ಕೆ ಬಳಸಿದ ಲ್ಯಾಟಿನ್ ಕ್ರಿಯಾಪದ ಡಿಫೆರ್ರೆ. ಅದಕ್ಕೆ ಬೇರೆಯಾಗು ಎಂಬ ಅರ್ಥವೂ ಇದೆ. ಇಂಗ್ಲಿಷ್ ಅದನ್ನು ಡಿಫರ್ ಎಂಬ ಎರಡು ಪದಗಳಾಗಿ, ಕಾಗುಣಿತ ಮತ್ತು ಉಚ್ಚಾರ ಬದಲಿಸಿ, ಒಡೆದುಕೊಂಡಿತು. ಫ್ರೆಂಚ್ ಒಂದೇ ಆಗಿ ಉಳಿಸಿಕೊಂಡಿತು. ಪದದ ಅರ್ಥ ಎಂದೂ ಪೂರ್ತಿ ಕೈಗೆ ಸಿಗದೆ ಮುಂದೆ ಮುಂದೆ ಸರಿಯುತ್ತದೆ ಎಂಬ ತನ್ನ ವಾದಕ್ಕೆ ತತ್ವಜ್ಞಾನಿ ಜಾಕ್ ಡೆರಿಡಾ 1960ರ ದಶಕದಲ್ಲಿ ಇದೇ ಇಬ್ಬಗೆಯನ್ನು ಆಧಾರ ಮಾಡಿಕೊಂಡ. ಕಾಲದಲ್ಲಿ ಮುಂದೂಡಿದ್ದು ಬಂದು ತಲುಪುವಾಗ ಬೇರೆಯೇ ಆಗಿರುತ್ತದೆ ಎಂಬುದು ತಡವಾಗಿ ಪರಿಹಾರ ಪಡೆದವರಿಗೆ ತತ್ವಜ್ಞಾನವಿಲ್ಲದೆಯೂ ಗೊತ್ತು.

ಶೀಘ್ರದಲ್ಲೇ

ತಡದ ಪದಗಳಷ್ಟೇ ಅಲ್ಲ, ಅವಸರದ ಪದಗಳೂ ಕಾಲಕ್ರಮದಲ್ಲಿ ತಡದ ಕಡೆಗೇ ಜಾರುತ್ತವೆ. ಇಂಗ್ಲಿಷಿನ ಸೂನ್ ಎಂಬುದಕ್ಕೆ ಹಿಂದೆ ‘ಈ ಕ್ಷಣವೇ’ ಎಂಬ ಅರ್ಥವಿತ್ತು. ಅನಾನ್, ಪ್ರೆಸೆಂಟ್ಲಿ ಎಂಬ ಪದಗಳಿಗೂ ಹಾಗೆಯೇ. ಮೂರೂ ‘ಸ್ವಲ್ಪ ಹೊತ್ತಿನ ಮೇಲೆ’ ಎಂಬಲ್ಲಿಗೆ ಬಂದು ನಿಂತವು. ಕೂಡಲೇ ಮಾಡುತ್ತೇನೆ ಎಂದವರು ಕೂಡಲೇ ಮಾಡದಿದ್ದಾಗ ಕೇಳುವವರು ಪದದ ಅರ್ಥವನ್ನೇ ತಿದ್ದಿಕೊಳ್ಳುತ್ತಾರೆ.

ಕನ್ನಡದಲ್ಲಿ ‘ಶೀಘ್ರದಲ್ಲೇ’ ಎಂಬ ಮಾತು ಇದೇ ಹಾದಿಯಲ್ಲಿದೆ. ಶೀಘ್ರದಲ್ಲೇ ಕ್ರಮ ಕೈಗೊಳ್ಳಲಾಗುವುದು ಎಂಬ ವಾಕ್ಯವನ್ನು ಓದಿ ಯಾವ ನಗರದ ಓದುಗನೂ ಗಡಿಯಾರ ನೋಡುವುದಿಲ್ಲ. ‘ಕೈಗೊಳ್ಳಲಾಗುವುದು’ ಎಂಬ ಕರ್ಮಣಿ ಪ್ರಯೋಗದಲ್ಲಿ ಕೈ ಯಾರದು ಎಂಬುದು ಮೊದಲೇ ಇಲ್ಲ. ‘ಬಂದೆ’ ಎಂದು ಭೂತಕಾಲದಲ್ಲಿ ಹೇಳಿ ಅರ್ಧ ಗಂಟೆ ಬಿಟ್ಟು ಬರುವ ಗೆಳೆಯನ ಮಾತು ಇದಕ್ಕಿಂತ ವಾಸಿ. ಬರಬೇಕಾದವನು ಯಾರೆಂಬುದಾದರೂ ಅದರಲ್ಲಿ ಸ್ಪಷ್ಟವಿರುತ್ತದೆ.

ಇದೇ ತಾಲ್ಲೂಕಿನ ಕೊಡೇಕಲ್ಲ ಕಾಲಜ್ಞಾನದ ವಚನಗಳಿಗೆ ಹೆಸರಾದ ಬಸವಣ್ಣನ ನೆಲೆ. ಮುಂದೆ ಆಗುವುದನ್ನು ಹೇಳುವ ಆ ಪರಂಪರೆಯ ಭಾಷೆಯೂ ಕಾಯುವವರನ್ನು ಉದ್ದೇಶಿಸಿದ್ದೇ. ಹುಣಸಗಿ ಸೀಮೆಯವರಿಗೆ ರೈಲು ಹಿಡಿಯಲು ಯಾದಗಿರಿ ಇಲ್ಲವೇ ಬೇರೆ ದೂರದ ನಿಲ್ದಾಣವೇ ಗತಿ. ಯಾದಗಿರಿಯ ಮೂಲಕ ಹಾದುಹೋಗುವ ಮುಂಬೈ–ಮದ್ರಾಸ್ ಮಾರ್ಗ ರಾಯಚೂರಿನಲ್ಲಿ ಕೂಡಿದ್ದು 1871ರಲ್ಲಿ. ಲಿಂಗಸುಗೂರು, ಸುರಪುರ, ಶಹಾಪುರಗಳನ್ನು ಹಾದು ಹೋಗಬೇಕಾದ ಗದಗ–ವಾಡಿ ಮಾರ್ಗದಲ್ಲಿ ಗದಗದ ಕಡೆಯಿಂದ ಬಂದ ರೈಲು 2025ರ ಮೇ ತಿಂಗಳಲ್ಲಿ ಕುಷ್ಟಗಿ ತಲುಪಿತು. ಅಲ್ಲಿಂದ ಮುಂದಿನ ಭಾಗದ ಸುದ್ದಿಗಳಲ್ಲಿ ‘ಶೀಘ್ರದಲ್ಲೇ’ ಮತ್ತು ‘ನೆನೆಗುದಿ’ ಎರಡೂ ಪದಗಳು ಹಲವು ವರ್ಷಗಳಿಂದ ಸರದಿಯ ಮೇಲೆ ಕಾಣಿಸಿಕೊಂಡಿವೆ.